ಕೂಗಿದರೂ ಓಗೊಡದ ಪ್ರಿಂಟರ್

ನಾಳೆ ಶಾಲೆಗೆ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿ ಸಿದ್ಧವಾಗಿದೆ. ಕೆಳಮನೆಯಲ್ಲಿ ಪ್ರಿಂಟರಿನ ದೀಪ ಉರಿಯುತ್ತಿದೆ, ಕಾಗದವೂ ತುಂಬಿದೆ. ಮಹಡಿಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಸೊಗಸಾಗಿ ಬರುತ್ತಿದೆ. ಆದರೂ ‘ಪ್ರಿಂಟರ್ ಸಿಗಲಿಲ್ಲ’ ಎಂಬ ಒಂದೇ ಉತ್ತರ! ರಾಜರಾಜೇಶ್ವರಿನಗರದ ಎರಡು, ಮೂರು ಅಂತಸ್ತಿನ ಮನೆಗಳಿಗೆ ಇದು ಹೊಸ ಅನುಭವವೇನಲ್ಲ. ಹೊಸ ಪ್ರಿಂಟರ್ ಕೊಳ್ಳುವ ಮಾತು ಎದ್ದರೆ ತುಸು ತಡೆಯಿರಿ. ಈ ಯಂತ್ರಗಳು ಒಂದನ್ನೊಂದು ಹೇಗೆ ಗುರುತಿಸುತ್ತವೆಂದು ಮೊದಲು ತಿಳಿಯುವುದು ಲೇಸು.

ಮನೆಯ ವೈಫೈ ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ರೂಟರ್ ಒಂದು ವಿಳಾಸ ಕೊಡುತ್ತದೆ, ಉದಾಹರಣೆಗೆ 192.168.1.7. ಇದು ಶಾಶ್ವತವಲ್ಲ. ಕರೆಂಟು ಹೋಗಿ ಬಂದರೆ ಬದಲಾದೀತು. ಹಾಗಾದರೆ ಲ್ಯಾಪ್‌ಟಾಪು ಪ್ರಿಂಟರನ್ನು ಹುಡುಕುವುದೆಂತು? ಕೂಗಿ ಕರೆಯುತ್ತದೆ! 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ?’ ಎಂದು ಕೇಳುತ್ತದೆ. ಪ್ರಿಂಟರ್ ಓಗೊಟ್ಟು ತನ್ನ ಹೆಸರು, ವಿಳಾಸ ಹೇಳುತ್ತದೆ. ಇಂಥ ಕರೆಗೆ ಮಲ್ಟಿಕಾಸ್ಟ್ ಎಂದು ಹೆಸರು. ಆಪಲ್ ಕಂಪೆನಿ 2002ರಲ್ಲಿ ಈ ಏರ್ಪಾಡನ್ನು ತನ್ನ ಕಂಪ್ಯೂಟರುಗಳಿಗೆ ತಂದಿತು. 2013ರಲ್ಲಿ ಅದರ ನಿಯಮಾವಳಿ ಎಲ್ಲ ತಯಾರಕರೂ ಅನುಸರಿಸಬಹುದಾದಂತೆ ಪ್ರಕಟವಾಯಿತು.

ಸೊಪ್ಪು ಮಾರುವಾಕೆ ಮೂರನೇ ಅಡ್ಡರಸ್ತೆಯಲ್ಲಿ ಕೂಗಿದರೆ ನಾಲ್ಕನೇ ಅಡ್ಡರಸ್ತೆಯವರಿಗೆ ಕೇಳಿಸದಷ್ಟೆ. ಈ ಕರೆಯೂ ಹಾಗೆಯೇ. ಒಂದು ಜಾಲದ ಕೂಗನ್ನು ಇನ್ನೊಂದಕ್ಕೆ ರೂಟರ್ ದಾಟಿಸುವುದಿಲ್ಲ, ದಾಟಿಸಬಾರದೆಂಬುದೇ ನಿಯಮ. ತೊಂದರೆಯ ಬೇರು ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಕೆಳಗೆ ಇಂಟರ್‌ನೆಟ್ ಕಂಪೆನಿಯವರು ಕೂರಿಸಿದ ಪೆಟ್ಟಿಗೆ, ಮೇಲಕ್ಕೆ ಸಿಗ್ನಲ್ ಸಾಲದೆಂದು ಮನೆಯವರೇ ತಂದ ಮತ್ತೊಂದು ರೂಟರ್. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟ ಮಾತ್ರಕ್ಕೆ ಅವು ಒಂದೇ ಜಾಲವಾಗುವುದಿಲ್ಲ.

ಪರೀಕ್ಷೆ ಸುಲಭ, ಹೈಸ್ಕೂಲು ಹುಡುಗಿಯೂ ಮಾಡಬಹುದು. ಪ್ರಿಂಟರಿನ ವಿಳಾಸ ಅದರ ಪುಟ್ಟ ಪರದೆಯಲ್ಲೋ ಅದು ಮುದ್ರಿಸಿಕೊಡುವ ಮಾಹಿತಿ ಹಾಳೆಯಲ್ಲೋ ಸಿಗುತ್ತದೆ. ಲ್ಯಾಪ್‌ಟಾಪಿನ ವಿಳಾಸವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಒಂದು 192.168.1 ಎಂದೂ ಇನ್ನೊಂದು 192.168.0 ಎಂದೂ ಆರಂಭವಾದರೆ ಬೀದಿಗಳೇ ಬೇರೆ ಎಂದಾಯಿತು. ಮೇಲಿನ ರೂಟರಿನ ಸೆಟ್ಟಿಂಗಿನಲ್ಲಿ ‘ಆಕ್ಸೆಸ್ ಪಾಯಿಂಟ್’ ಎಂಬುದನ್ನು ಆರಿಸಿದರೆ ಅದು ತನ್ನದೇ ಜಾಲ ಕಟ್ಟುವುದನ್ನು ಬಿಟ್ಟು ಕೆಳಗಿನದನ್ನೇ ಮೇಲಕ್ಕೆ ಹಬ್ಬಿಸುತ್ತದೆ. ರಾತ್ರಿ ಹತ್ತು ಗಂಟೆಗೆ ಅದಕ್ಕೆಲ್ಲ ಕೈಹಾಕುವುದು ಬೇಡ; ಲ್ಯಾಪ್‌ಟಾಪನ್ನೇ ಕೆಳಗೆ ತಂದು, ವೈಫೈ ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಅಂದಿನ ಕೆಲಸ ಸಾಗೀತು.

ವಿಳಾಸಗಳು ಸರಿಹೊಂದಿಯೂ ಪ್ರಿಂಟರ್ ಕಾಣದಿದ್ದರೆ? ಯಾರೋ ಬಾಯಿ ಮುಚ್ಚಿಸಿದ್ದಾರೆ! ವಿಂಡೋಸ್‌ನಲ್ಲಿ ಮನೆಯ ಜಾಲ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಮಾಡಬೇಕು. ಹೋಟೆಲು, ರೈಲು ನಿಲ್ದಾಣಗಳಲ್ಲಿ ಹಾಗೆ ಮಾಡುವುದು ಸಲ್ಲದು. ಐಫೋನುಗಳಲ್ಲಿ 2020ರಿಂದ ಈಚೆಗೆ ಪ್ರತಿಯೊಂದು ಆ್ಯಪ್‌ಗೂ ಮನೆಯ ಜಾಲವನ್ನು ಹುಡುಕಲು ಅನುಮತಿ ಬೇಕು. ಅವಸರದಲ್ಲಿ ಬೇಡವೆಂದು ಒತ್ತಿದ್ದು ಮರೆತೇ ಹೋಗಿರುತ್ತದೆ. ಇನ್ನು ‘ಗೆಸ್ಟ್’ ಜಾಲ. ಅಲ್ಲಿ ಸೇರಿದವರಿಗೆ ಮನೆಯ ಯಂತ್ರಗಳು ಕಾಣದಿರುವುದು ದೋಷವಲ್ಲ, ರಕ್ಷಣೆ. ಒಂದು ಪ್ರಿಂಟರಿಗಾಗಿ ಆ ಗೋಡೆ ಒಡೆಯುವುದು ಅವಿವೇಕ. ಮನೆಯವರ ಲ್ಯಾಪ್‌ಟಾಪನ್ನು ಮುಖ್ಯ ಜಾಲಕ್ಕೆ ಸೇರಿಸಿದರಾಯಿತು.

ಪ್ರಿಂಟರ್ ಒಮ್ಮೆ ಕಂಡು ಇನ್ನೊಮ್ಮೆ ಮಾಯವಾಗುವುದಕ್ಕೂ ಕಾರಣವುಂಟು. ಸಾಮಾನ್ಯ ಸಂದೇಶ ವೈಫೈಯಲ್ಲಿ ತಲಪದಿದ್ದರೆ ಮತ್ತೆ ಕಳುಹಿಸಲಾಗುತ್ತದೆ. ರೂಟರ್ ಎಲ್ಲರಿಗೂ ಬಿತ್ತರಿಸುವ ಕರೆಗೆ ಮಾತ್ರ ಯಾರೂ ‘ತಲಪಿತು’ ಎಂದು ಹೇಳುವುದಿಲ್ಲ, ಕಳೆದುಹೋದರೆ ಹೋಯಿತು. ಸಿಗ್ನಲ್ ಕ್ಷೀಣವಾದ ಮೂಲೆಯಲ್ಲಿ ಸಿನಿಮಾ ಓಡಿದರೂ ಪ್ರಿಂಟರ್ ಕಾಣದಿರುವುದು ಹೀಗೆ. ಅಂಥ ಮನೆಗಳಲ್ಲಿ ರೂಟರಿನ ಸೆಟ್ಟಿಂಗಿಗೆ ಹೋಗಿ ಪ್ರಿಂಟರಿಗೆ ಒಂದು ಖಾಯಂ ವಿಳಾಸ ಕಾದಿರಿಸಿ, ಲ್ಯಾಪ್‌ಟಾಪಿಗೆ ಆ ಅಂಕಿಗಳನ್ನೇ ಬರೆದುಕೊಟ್ಟರೆ ಕೂಗುವ ಗೊಡವೆಯೇ ಇರುವುದಿಲ್ಲ.