ಬಾಟಲಿ ಯಾರು ಕೊಟ್ಟದ್ದು?



ಬಾಣಂತಿಯ ಮನೆಗೆ ಹೋದವರು ಮಗುವಿನ ಮುಖ ನೋಡುವ ಮೊದಲೇ ಕೇಳುವ ಪ್ರಶ್ನೆ ಒಂದುಂಟು: "ಹಾಲು ಉಂಟಾ?" ಮಗು ಎರಡು ಸಲ ಅತ್ತರೆ ಸಾಕು, ಇವಳಿಗೆ ಹಾಲು ಸಾಲದು ಎಂಬ ತೀರ್ಪು ಆಗಿಬಿಡುತ್ತದೆ. ಸಾಯಂಕಾಲದೊಳಗೆ ಕುಂಬಳೆ ಪೇಟೆಯಿಂದ ಹಾಲಿನ ಹುಡಿಯ ಡಬ್ಬಿಯೂ ಬಾಟಲಿಯೂ ಬಂದಾಯಿತು. ಎದೆಹಾಲೂ ಇರಲಿ, ಬಾಟಲಿಯೂ ಇರಲಿ, ಎರಡೂ ಕೊಟ್ಟರೆ ನಷ್ಟವೇನು ಎಂದು ಕೇಳುತ್ತಾರೆ.

ಹಸು ಸಾಕಿದವರಿಗೆ ನಷ್ಟವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕರೆಯದೆ ಬಿಟ್ಟ ಕೆಚ್ಚಲು ಬತ್ತುತ್ತದೆ. ಮಗು ಚೀಪಿದಷ್ಟೂ ತಾಯಿಯಲ್ಲಿ ಹಾಲು ಹುಟ್ಟುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಎದೆಗೆ ಬಾಯಿ ಹಾಕುವುದಿಲ್ಲ. ಚೀಪದ ಎದೆಯಲ್ಲಿ ನಾಳೆ ಹಾಲು ಕಡಿಮೆ. ಕಡಿಮೆಯಾಯಿತೆಂದು ಇನ್ನೊಂದು ಬಾಟಲಿ. ಹೀಗೆ ಮೊದಲ ದಿನ ಸುಳ್ಳಾಗಿದ್ದ ಮಾತು ಕೆಲವೇ ವಾರಗಳಲ್ಲಿ ನಿಜವಾಗುತ್ತದೆ. ಆಮೇಲೆ, "ನಾನು ಆವತ್ತೇ ಹೇಳಿದ್ದೆ" ಎನ್ನುವವರಿಗೇನೂ ಕಡಿಮೆಯಿಲ್ಲ.

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ ದಪ್ಪ ಹಾಲು, ಅದೂ ಸ್ವಲ್ಪ. ಹುಟ್ಟಿದ ಮಗುವಿನ ಸಣ್ಣ ಹೊಟ್ಟೆಗೆ ಸಾಮಾನ್ಯವಾಗಿ ಅಷ್ಟೇ ಸಾಕು. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಅದು ಹಾಲು ಕೇಳುವುದೂ ಸಹಜ. ಸಾಲುತ್ತದೋ ಇಲ್ಲವೋ ಎಂದು ಅಳುವಿನಿಂದ ಅಳೆಯಬೇಡಿರಿ. ಒಂದು ವಾರ ಕಳೆದ ಮಗು ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತದೆಯೇ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬಂತೇ, ಇದನ್ನು ನೋಡಿರಿ.

ಇಷ್ಟು ಹೇಳಿ ತಾಯಿಯನ್ನು ದೂರುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ನಸುಕಿನಲ್ಲೇ ರಬ್ಬರ್ ತೋಟಕ್ಕೆ ಹೋಗುವ ಹೆಂಗಸು ಬಾಟಲಿಯನ್ನು ಷೋಕಿಗೆ ಇಟ್ಟುಕೊಂಡಳೇ? ರಬ್ಬರ್ ಹಾಲು ಹೆಪ್ಪುಗಟ್ಟುವ ಮೊದಲು ಒಟ್ಟುಮಾಡಬೇಕೆಂದು ಮೇಸ್ತ್ರಿಗೆ ಗಡಿಬಿಡಿ. ಅವಳ ಎದೆಯಲ್ಲಿ ಕಟ್ಟಿಕೊಂಡು ನೋಯುವ ಹಾಲಿಗೆ ಮಾತ್ರ ಯಾರಿಗೂ ಗಡಿಬಿಡಿಯಿಲ್ಲ.

ಕಾಯಿದೆ ಇಲ್ಲವೆಂದಲ್ಲ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು, ಅದೂ ಊಟದ ಬಿಡುವಲ್ಲದೆ, ಎಂದು 1961ರ ಹೆರಿಗೆ ಸೌಲಭ್ಯ ಕಾಯಿದೆ ಹೇಳಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆ ಕೊಟ್ಟಿತು; 50 ಮಂದಿ ಕೆಲಸಗಾರರಿರುವಲ್ಲಿ ಶಿಶುಮಂದಿರ ಬೇಕು, ತಾಯಿ ಅಲ್ಲಿಗೆ ದಿನಕ್ಕೆ 4 ಸಲ ಹೋಗಿಬರಬಹುದು ಎಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೇ ಮಾತು ಉಂಟು. ರಜೆಯ ಸಂಬಳಕ್ಕೆ ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನದ ಕೆಲಸ ಸಾಕು. ದಿನಗೂಲಿಯವಳಿಗೆ ಇದೆಲ್ಲ ಇಲ್ಲ ಎಂದು ರೈಟರು ಹೇಳಿದರೆ ನಂಬಬೇಡಿರಿ: ದೆಹಲಿ ನಗರಸಭೆಯ ಮಸ್ಟರ್ ರೋಲ್ ಹೆಂಗಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಅವರಿಗೂ ಹಕ್ಕಿದೆ ಎಂದಿದೆ. ನಾಲ್ಕು ಆಳು ದುಡಿಯುವ ಅಡಿಕೆ ತೋಟಕ್ಕೆ ಮಾತ್ರ ಈ ಕಾಯಿದೆಯ ಕೈ ತಲುಪುವುದಿಲ್ಲ. ಅಲ್ಲಿ ಧಣಿಯ ಮನಸ್ಸೇ ಕಾಯಿದೆ. ಇದು ಸರಕಾರಕ್ಕೆ ನಾಚಿಕೆಯ ವಿಷಯ.

ನಮ್ಮ ಕಡೆ ಇನ್ನೊಂದು ಹೆದರಿಕೆಯೂ ಉಂಟು, ಅದನ್ನು ಮುಚ್ಚಿಡಬಾರದು. 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಎಣ್ಮಕಜೆಯ ಪಡ್ರೆಯಲ್ಲಿ ಪರೀಕ್ಷಿಸಿದಾಗ ಎದೆಹಾಲಿನಲ್ಲಿಯೂ ಆ ವಿಷ ಸಿಕ್ಕಿತು. ಹಾಗಾದರೆ ಹುಡಿ ಹಾಲೇ ಮೇಲಲ್ಲವೇ ಎಂದು ಕೇಳುತ್ತಾರೆ. ಹುಡಿಯನ್ನು ಕದಡುವುದು ಯಾವ ನೀರಿನಲ್ಲಿ? ಅದೇ ಗುಡ್ಡೆಯ ಸುರಂಗದ ನೀರಿನಲ್ಲಿ, ಮತ್ತು ಅದೇ ಪರೀಕ್ಷೆಯಲ್ಲಿ ನೀರಿನಲ್ಲಿಯೂ ವಿಷ ಸಿಕ್ಕಿತ್ತು. ತಪ್ಪು ಸುರಿದವರದು, ತಾಯಿಯದಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಇಂಥ ವಿಷಗಳ ವಿಷಯ ಗೊತ್ತಿದ್ದೂ ವೈದ್ಯರು ಇಂದಿಗೂ ಎದೆಹಾಲನ್ನೇ ಹೇಳುತ್ತಾರೆ.

ಎರಡೂ ಕೊಡಲೇಬೇಕಾದ ಸಂದರ್ಭಗಳಿಲ್ಲವೇ? ಇವೆ. ತಿಂಗಳು ತುಂಬದೆ ಹುಟ್ಟಿದ ಮಗು, ತೂಕ ಏರದ ಮಗು, ಕಾಯಿಲೆಯ ತಾಯಿ, ಕೆಲಸಕ್ಕೆ ಹೋಗದೆ ಗತಿಯಿಲ್ಲದ ತಾಯಿ. ಮಗು ಎದೆ ಹಿಡಿಯದೆ ಮಂಕಾಗಿ ಮಲಗಿದರೆ, ಮೈ ಹಳದಿಯಾದರೆ, ಕಾಯದೆ ಆಸ್ಪತ್ರೆಗೆ ಓಡಿರಿ. ವೈದ್ಯರು ಮೇಲುಹಾಲು ಕೊಡಿ ಎಂದರೆ ನಾಚದೆ ಕೊಡಿರಿ, ಮೊದಲು ಎದೆ, ಆಮೇಲೆ ಉಳಿದದ್ದು. ಅದಕ್ಕೆ ಬಾಟಲಿ ಬೇಡ. ನಮ್ಮ ಅಜ್ಜಿಯಂದಿರ ಒಳಲೆ ಉಂಟು, ಇಲ್ಲದಿದ್ದರೆ ಸಣ್ಣ ಲೋಟ. ಒಳಲೆಯನ್ನು ಉಜ್ಜಿ ಕುದಿಸುವುದು ಸುಲಭ, ನಿಪ್ಪಲಿನ ಒಳಗೆ ಬೆರಳು ಹೋಗದು. ಕೆಲಸಕ್ಕೆ ಹೊರಡುವವಳು ಕೈಯಿಂದ ಹಾಲು ಹಿಂಡಿ, ಕುದಿಸಿ ಆರಿಸಿದ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ ತಂಪಿನಲ್ಲಿಡಲಿ. ನಮ್ಮ ಸೆಕೆಗೆ ನಾಲ್ಕು ಗಂಟೆಯೊಳಗೆ ಕುಡಿಸಿಬಿಡಬೇಕು. ಹುಡಿಯೇ ಆಗಬೇಕೆಂದಾದರೆ ನೀರು ಕುದಿಸಿ, ಬಿಸಿಯಿರುವಾಗಲೇ ಡಬ್ಬಿಯ ಅಳತೆಯಷ್ಟೇ ಹಾಕಿ ಕಲಸಿ, ಆರಿಸಿ ಕೊಡಿರಿ. ಡಬ್ಬಿ ನಾಲ್ಕು ದಿನ ಹೆಚ್ಚು ಬರಲೆಂದು ನೀರು ಮಾಡಿದರೆ ಮಗು ಹೊಟ್ಟೆ ತುಂಬಿಯೂ ಸೊರಗುತ್ತದೆ. ರಾತ್ರಿಯೂ ಬೆಳಗ್ಗೆಯೂ ಎದೆಹಾಲು ತಪ್ಪಿಸಬೇಡಿರಿ.

ಅಂಗಡಿಯವನು ಹೊಗಳಿ ಕೊಟ್ಟರೆ ಒಂದು ಮಾತು ನೆನಪಿಡಿರಿ: 1992ರ ಕಾಯಿದೆಯಂತೆ ಶಿಶುಗಳ ಹುಡಿ ಹಾಲಿಗೂ ಬಾಟಲಿಗೂ ಜಾಹೀರಾತು ಕೂಡದು, ಬಿಟ್ಟಿ ಹಂಚುವುದೂ ಕೂಡದು, ಡಬ್ಬಿಯ ಮೇಲೆ ಮಗುವಿನ ಚಿತ್ರವೂ ಕೂಡದು.

ಮುಂದಿನ ಬಟವಾಡೆಯ ದಿನ ರೈಟರ ಮೇಜಿನ ಮುಂದೆ ನಿಂತಾಗ ಕೇಳಿರಿ: ಹಾಲೂಡಿಸುವ ಎರಡು ಬಿಡುವು ಯಾವ ಯಾವ ಗಂಟೆಗೆ? ಗಂಡಸರೇ, ಈ ಪ್ರಶ್ನೆಯನ್ನು ನೀವೂ ಕೇಳಿರಿ.