ಹಲ್ಲಿನ ಬಣ್ಣವೂ ದೀಪದ ಬೆಳಕೂ

ಸೀರೆಗೆ ರವಿಕೆಯ ಬಟ್ಟೆ ಹೊಂದಿಸಹೊರಟ ಗೃಹಿಣಿ ಅಂಗಡಿಯ ದೀಪವನ್ನು ನಂಬುವುದಿಲ್ಲ. ಎರಡನ್ನೂ ಬಾಗಿಲಾಚೆಗೆ ತಂದು, ಹಗಲಿನ ಬೆಳಕಿನಲ್ಲಿ ಹಿಡಿದು ನೋಡಿದ ಮೇಲೆಯೇ ಹಣ ತೆರುತ್ತಾಳೆ. ದಂತವೈದ್ಯರ ಕುರ್ಚಿಯಲ್ಲಿ ಕುಳಿತಾಗ ಮಾತ್ರ ಈ ಎಚ್ಚರ ಅನೇಕರಿಗೆ ಮರೆತುಹೋಗುತ್ತದೆ. ಒಪ್ಪದ ಬಟ್ಟೆಯನ್ನು ಬದಲಾಯಿಸಬಹುದು. ಮುಂದಿನ ಹಲ್ಲಿಗೆ ಅಂಟಿಸಿದ ಪಿಂಗಾಣಿಯ ‘ಕ್ಯಾಪ’ನ್ನಾದರೋ ಸಾಮಾನ್ಯವಾಗಿ ಕೊರೆದೇ ತೆಗೆಯಬೇಕಾಗುತ್ತದೆ. ಮದುವೆಯ ಮುನ್ನ ಹಲ್ಲು ಸರಿಪಡಿಸಿಕೊಂಡವರು ಮದುವೆಯ ದಿನ ಬಾಯಿಗೆ ಕೈ ಅಡ್ಡವಿಟ್ಟು ನಗುವಂತಾದರೆ ಆ ಖರ್ಚಿನಿಂದ ಬಂದ ಸುಖವೇನು?

ಇದರಲ್ಲಿ ವೈದ್ಯರ ಕೈಚಳಕದ ಕೊರತೆಯೇ ಇರಬೇಕೆಂದಿಲ್ಲ. ಹಲ್ಲಿನ ಹೊರಪದರವಾದ ಎನಾಮೆಲ್ ಅರೆಪಾರದರ್ಶಕವಾದುದು. ಅದರೊಳಗಿನ ಡೆಂಟಿನ್ ಹಳದಿ ಛಾಯೆಯದು. ಹುಳುಕು ತುಂಬುವ ಕಾಂಪೊಸಿಟ್ ಆದರೋ ರಾಳದಂಥ ಪದಾರ್ಥಕ್ಕೆ ಗಾಜಿನ ನುಣುಪು ಪುಡಿ ಬೆರೆಸಿ ಮಾಡಿದ್ದು. ಇವು ಬೆಳಕನ್ನು ಹೀರಿ ಹಿಂದಿರುಗಿಸುವ ಬಗೆ ಒಂದೇ ಅಲ್ಲ. ಆದಕಾರಣ ಒಂದು ದೀಪದಡಿ ಸರಿಹೊಂದಿದ ಬಣ್ಣ ಇನ್ನೊಂದರಡಿ ಬೇರೆಯಾಗಿ ತೋರಬಹುದು. ವಿಜ್ಞಾನಿಗಳು ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ತಂತಿಯ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್ನಿನದು. ಅದರಲ್ಲಿ ಕೆಂಪು, ಹಳದಿಗಳದೇ ಮೇಲುಗೈ. ನಡುಹಗಲ ಬೆಳಕು ಸುಮಾರು 5500 ಕೆಲ್ವಿನ್ನಿನದು. ಅದರಲ್ಲಿ ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಸಮನಾಗಿವೆ.

ಅತಿನೇರಳೆ ಕಿರಣ ಸೂಸುವ ರಂಗಮಂಚದ ದೀಪಗಳದು ಮತ್ತೊಂದು ಬಗೆಯ ಆಟ. ಅವುಗಳೆದುರು ನಿಜವಾದ ಹಲ್ಲು ನೀಲಿ ಬೆರೆತ ಬಿಳುಪಿನಿಂದ ಹೊಳೆಯುತ್ತದೆ. ಆ ಗುಣವಿಲ್ಲದ ಕೃತಕ ಹಲ್ಲು ಕಪ್ಪಾಗಿ, ಅಲ್ಲಿ ಹಲ್ಲೇ ಇಲ್ಲವೇನೋ ಎಂಬಂತೆ ಕಾಣುತ್ತದೆ. ಈ ಹೊಳಪಿಗಾಗಿ ಹಿಂದೆ ಪಿಂಗಾಣಿಗೆ ಅತ್ಯಲ್ಪ ಯುರೇನಿಯಂ ಬೆರೆಸುತ್ತಿದ್ದುದೂ ಉಂಟು. ವಿಕಿರಣದ ಭಯದಿಂದ ಅದನ್ನು ಕೈಬಿಟ್ಟು, ಅಪಾಯವಿಲ್ಲದ ಬೇರೆ ಧಾತುಗಳನ್ನು ಬಳಕೆಗೆ ತರಲಾಯಿತು.

ಬಣ್ಣ ಆರಿಸಲು ವೈದ್ಯರ ಬಳಿ ಮಾದರಿ ಹಲ್ಲುಗಳ ಸಾಲೊಂದಿರುತ್ತದೆ. ಜರ್ಮನಿಯ ವೀಟಾ ಸಂಸ್ಥೆಯ ಪ್ರಸಿದ್ಧ ಸಾಲಿನಲ್ಲಿ 16 ಛಾಯೆಗಳಿವೆ. ಹಲ್ಲನ್ನು ಕೊರೆಯುವ ಮೊದಲೇ ಈ ಹೋಲಿಕೆ ಮುಗಿಯಬೇಕು. ಏಕೆಂದರೆ ಒಣಗಿದ ಹಲ್ಲು ಸಹಜಕ್ಕಿಂತ ಬೆಳ್ಳಗೆ ತೋರುತ್ತದೆ. ಎಂಜಲು ತಾಗಿ ಅದು ಮತ್ತೆ ತನ್ನ ಬಣ್ಣಕ್ಕೆ ಮರಳಿದಾಗ, ತುಂಬಿದ ಭಾಗವೊಂದೇ ಬಿಳಿಯಾಗಿ ಉಳಿಯುತ್ತದೆ. ತುಟಿಯ ಬಣ್ಣವನ್ನು ಒರೆಸಿಕೊಳ್ಳುವುದು, ಕಣ್ಣು ಕುಕ್ಕುವ ಉಡುಪಿನ ಮೇಲೆ ಬೂದುಬಣ್ಣದ ಬಟ್ಟೆ ಹೊದೆಯುವುದು ಲೇಸು. ದಿಟ್ಟಿಸಿ ನೋಡಿದಷ್ಟೂ ಕಣ್ಣು ದಣಿದು ಮೋಸಹೋಗುವುದರಿಂದ, ಕೆಲವೇ ಕ್ಷಣ ನೋಡಿ ತೀರ್ಮಾನಿಸಬೇಕು.

ವೈದ್ಯರು ಬಾಯಿಗೆ ಹಿಡಿದ ಪ್ರಖರ ದೀಪವನ್ನು ಆಗ ಪಕ್ಕಕ್ಕೆ ಸರಿಸಿ, ಕಿಟಕಿಯ ಬೆಳಕಿನಲ್ಲೊಮ್ಮೆ, ಕೋಣೆಯ ದೀಪದಲ್ಲೊಮ್ಮೆ ಕನ್ನಡಿ ಹಿಡಿದು ನೋಡುವುದು ಉತ್ತಮ. ಕ್ಯಾಪನ್ನು ಅಂಟಿಸುವ ಮುನ್ನ ಇನ್ನೊಮ್ಮೆ ಹಾಗೆಯೇ ನೋಡಬೇಕು. ಹಾಗೆಂದು ಕೇಳಿಕೊಳ್ಳುವುದು ವೈದ್ಯರನ್ನು ಶಂಕಿಸಿದಂತಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಆ ಹಲ್ಲನ್ನು ಹೊತ್ತು ಓಡಾಡುವವರು ರೋಗಿಗಳೇ ಅಲ್ಲವೇ?