ಕಾವಲುಗಾರ ಮನೆಯಲ್ಲೇ ಇದ್ದಾನೆ, ಮೊದಲು ಅವನನ್ನು ಎಬ್ಬಿಸಿ

ಕಳೆದ ವರ್ಷ ಒಂದು ಸಂಜೆ ಹಾಸ್ಟೆಲ್ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ನನ್ನ ಫೋಲ್ಡರ್ ಒಂದರಲ್ಲಿ ನಾನು ಬರೆಯದ ಫೈಲ್ ಕಂಡಿತು. ತೆರೆದು ನೋಡಿದರೆ ಒಂದೇ ಸಾಲು: 'ಮಗಾ, ಫೈರ್‌ವಾಲ್ ಆನ್ ಮಾಡ್ಕೋ.' ಬರೆದವರ ಹೆಸರಿಲ್ಲ. ಅದೇ ಫೋಲ್ಡರ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿಗೆಂದು ಇಟ್ಟಿದ್ದ ನನ್ನ ಆಧಾರ್, ಅಂಕಪಟ್ಟಿಗಳು, ಆದಾಯ ಪ್ರಮಾಣಪತ್ರ ಮತ್ತು ಅಪ್ಪನ ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ ಇದ್ದವು.

ತಪ್ಪು ನನ್ನದೇ. ಒಂದು ತಿಂಗಳ ಹಿಂದೆ ನಾಲ್ವರು ಸೇರಿ ಆಟ ಆಡಲು ಕುಳಿತಾಗ ಕಂಪ್ಯೂಟರ್‌ಗಳು ಒಂದಕ್ಕೊಂದು ಕನೆಕ್ಟ್ ಆಗಲಿಲ್ಲ. 'ಫೈರ್‌ವಾಲ್ ಆಫ್ ಮಾಡೋ, ಆಗುತ್ತೆ' ಎಂದರು ಸೀನಿಯರ್ ಒಬ್ಬರು. ಆಫ್ ಮಾಡಿದೆ, ಆಯಿತು. ಆಟದ ಫೈಲ್‌ಗಳನ್ನು ಹಂಚಲು ಒಂದು ಫೋಲ್ಡರನ್ನು ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ತೆರೆದಿಟ್ಟೆ. ಆಟ ಮುಗಿದ ಮೇಲೆ ಎರಡನ್ನೂ ಮರೆತೆ. ಅದೇ ಫೋಲ್ಡರ್‌ಗೆ ಮುಂದೆ ದಾಖಲೆಗಳನ್ನೂ ಹಾಕಿದೆ. ಆ ಸಾಲು ಬರೆದವನು ಒಳ್ಳೆಯವನು, ಎಚ್ಚರಿಸಿ ಹೋದ. ಅವನಿಗಿಂತ ಮೊದಲು ಯಾರು ಬಂದು ಏನು ಕಾಪಿ ಮಾಡಿಕೊಂಡರೋ ನನಗೆ ಇಂದಿಗೂ ತಿಳಿಯದು. ಅಪ್ಪನಿಗೆ ಫೋನ್ ಮಾಡಿ, ಬ್ಯಾಂಕಿನ ಹೆಸರಿನಲ್ಲಿ ಯಾರು ಕರೆ ಮಾಡಿದರೂ ಒಟಿಪಿ ಹೇಳಬೇಡಿ ಎಂದು ವಿವರಿಸುವಾಗ ನಾಚಿಕೆಯಾಯಿತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಆ ರಾತ್ರಿಯೇ 'ಫ್ರೀ ಫೈರ್‌ವಾಲ್' ಎಂದು ಹುಡುಕಿದೆ. ಬಣ್ಣಬಣ್ಣದ ಜಾಹೀರಾತು, ದೊಡ್ಡ ಹಸಿರು ಡೌನ್‌ಲೋಡ್ ಬಟನ್‌ಗಳು. ಯಾವುದು ಅಸಲಿ, ಯಾವುದು ನಕಲಿ ಎಂದು ಗೊತ್ತಾಗಲಿಲ್ಲ. ಅಂದಿನಿಂದ ಓದಿ, ಹಾಕಿ, ತೆಗೆದು ನೋಡಿ ನಾನು ಬಂದಿರುವ ತೀರ್ಮಾನ ಸರಳ: ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾದ ಉಚಿತ ಫೈರ್‌ವಾಲ್ ಕಂಪ್ಯೂಟರ್ ಒಳಗೇ ಇದೆ. ಹೊಸದನ್ನು ಹುಡುಕುವ ಮೊದಲು ಇರುವುದನ್ನು ಆನ್ ಮಾಡಬೇಕು.

ಫೈರ್‌ವಾಲ್ ಮಾಡುವ ಕೆಲಸವೇನು? ಕಂಪ್ಯೂಟರ್‌ನ ಐಪಿ ವಿಳಾಸವನ್ನು ಒಂದು ಕಟ್ಟಡ ಎಂದುಕೊಳ್ಳಿ. ಅದಕ್ಕೆ 0ಯಿಂದ 65,535ರವರೆಗೆ ಸಂಖ್ಯೆ ಹಾಕಿದ ಬಾಗಿಲುಗಳಿವೆ, ಇವೇ ಪೋರ್ಟ್‌ಗಳು. ಸುರಕ್ಷಿತ ಜಾಲತಾಣಗಳು 443ನೇ ಬಾಗಿಲನ್ನು ಬಳಸುತ್ತವೆ, ವಿಂಡೋಸ್‌ನ ಫೈಲ್ ಹಂಚಿಕೆ 445ನ್ನು. ಯಾರು ಯಾವ ಬಾಗಿಲಿನಿಂದ ಒಳಬರಬಹುದು, ಯಾವ ಪ್ರೋಗ್ರಾಂ ಹೊರಹೋಗಬಹುದು ಎಂದು ನೋಡುವ ಕಾವಲುಗಾರನೇ ಫೈರ್‌ವಾಲ್. ವಿಂಡೋಸ್‌ನ ಫೈರ್‌ವಾಲ್ ಸಾಮಾನ್ಯ ಸ್ಥಿತಿಯಲ್ಲಿ, ನಾವು ಕೇಳದೆ ಹೊರಗಿನಿಂದ ಬರುವ ಸಂಪರ್ಕವನ್ನು ತಡೆಯುತ್ತದೆ. ಒಳಗಿನಿಂದ ಹೊರಹೋಗುವುದನ್ನು ಬಿಡುತ್ತದೆ.

'ಮನೆಯಲ್ಲಿ ರೂಟರ್ ಇದೆಯಲ್ಲ, ಮತ್ತೇಕೆ?' ಎಂದು ಗೆಳೆಯರು ಕೇಳುತ್ತಾರೆ. ನಿಜ, ಹೊರಗಿನಿಂದ ಕರೆಯದೆ ಬರುವವರನ್ನು ಮನೆಯ ರೂಟರ್ ಬಹುಮಟ್ಟಿಗೆ ಬಾಗಿಲಲ್ಲೇ ನಿಲ್ಲಿಸುತ್ತದೆ. ಆದರೆ ನಾವು ಮನೆಯಲ್ಲಿ ಎಷ್ಟು ದಿನ ಇರುತ್ತೇವೆ? ಹಾಸ್ಟೆಲ್, ಪಿಜಿ, ಕಾಲೇಜು ಲೈಬ್ರರಿ, ರೈಲು ನಿಲ್ದಾಣ, ಸಂದರ್ಶನಕ್ಕೆ ಹೋದಾಗ ಉಳಿದ ಲಾಡ್ಜ್ ಇವುಗಳ ವೈಫೈನಲ್ಲಿ ಅಪರಿಚಿತರೂ ನಮ್ಮ ಜೊತೆ ರೂಟರ್‌ನ ಒಳಗಡೆಯೇ ಇರಬಹುದು. ಆಗ ನಡುವೆ ನಿಲ್ಲುವುದು ನಮ್ಮ ಕಂಪ್ಯೂಟರ್‌ನ ಫೈರ್‌ವಾಲ್ ಮಾತ್ರ.

ಇದು ಹೊಸ ಪಾಠವಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲೂ ಫೈರ್‌ವಾಲ್ ಇತ್ತು, ಆದರೆ ಅದು ಆಫ್ ಆಗಿಯೇ ಬರುತ್ತಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹರಡಿತು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಕಂಪ್ಯೂಟರ್ ಇಂಟರ್‌ನೆಟ್‌ನಲ್ಲಿದ್ದು 135ನೇ ಪೋರ್ಟ್ ತೆರೆದಿದ್ದರೆ ಸಾಕಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಬಂದ ಸರ್ವೀಸ್ ಪ್ಯಾಕ್ 2ರಲ್ಲಿ ಮೈಕ್ರೋಸಾಫ್ಟ್ ಫೈರ್‌ವಾಲನ್ನು ಮೊದಲಿನಿಂದಲೇ ಆನ್ ಮಾಡಿ ಕೊಟ್ಟಿತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ 445ನೇ ಪೋರ್ಟ್ ಮೂಲಕ ಹರಡಿ ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವನ್ನೂ ನಿಲ್ಲಿಸಿತು. ಎರಡೂ ಸಲ ದೋಷ ಸರಿಪಡಿಸುವ ಅಪ್‌ಡೇಟ್ ಮೊದಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಂದರೆ ಫೈರ್‌ವಾಲ್ ಮತ್ತು ಅಪ್‌ಡೇಟ್ ಜೋಡೆತ್ತು. ಒಂದನ್ನು ಬಿಟ್ಟು ಇನ್ನೊಂದು ಗಾಡಿ ಎಳೆಯಲಾರದು.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ವಿಂಡೋಸ್ ಸೆಕ್ಯುರಿಟಿ ತೆರೆದು 'ಫೈರ್‌ವಾಲ್ ಅಂಡ್ ನೆಟ್‌ವರ್ಕ್ ಪ್ರೊಟೆಕ್ಷನ್' ಒತ್ತಿ. ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರೂ ಆನ್ ಇರಲಿ. ಮನೆಯ ವೈಫೈ ಬಿಟ್ಟು ಉಳಿದೆಲ್ಲ ಕಡೆ ನೆಟ್‌ವರ್ಕನ್ನು 'ಪಬ್ಲಿಕ್' ಎಂದೇ ಇಡಿ. ಹಾಸ್ಟೆಲ್ ಕೂಡ ಮನೆಯಲ್ಲ. ಒಳಬರಲು ಅನುಮತಿ ಪಡೆದಿರುವ ಆ್ಯಪ್‌ಗಳ ಪಟ್ಟಿಯೂ ಅಲ್ಲೇ ಇದೆ. ನನ್ನ ಪಟ್ಟಿಯಲ್ಲಿ ಎಂದೋ ತೆಗೆದುಹಾಕಿದ ಮೂರು ಆಟಗಳಿದ್ದವು. ಗುರುತಿಲ್ಲದ್ದನ್ನು ತೆಗೆಯಿರಿ. ಎಲ್ಲ ಗೋಜಲಾಗಿದೆ ಅನಿಸಿದರೆ ಮೊದಲಿನ ಸ್ಥಿತಿಗೆ ತರುವ ಆಯ್ಕೆಯೂ ಅಲ್ಲಿದೆ.

ಉಬುಂಟು ಬಳಸುವವರು ಗಮನಿಸಿ: ಅದರಲ್ಲಿ ಯುಎಫ್‌ಡಬ್ಲ್ಯೂ ಎಂಬ ಫೈರ್‌ವಾಲ್ ಇರುತ್ತದೆ, ಆದರೆ ತಾನಾಗಿ ಆನ್ ಆಗಿರುವುದಿಲ್ಲ. 'ಸುಡೋ ಯುಎಫ್‌ಡಬ್ಲ್ಯೂ ಎನೇಬಲ್' ಎಂಬ ಒಂದು ಆದೇಶ ಸಾಕು.

ಹಾಗಾದರೆ ಬೇರೆ ಫೈರ್‌ವಾಲ್ ಬೇಡವೇ? ಒಂದು ಕಾರಣಕ್ಕೆ ಬೇಕಾಗಬಹುದು. ಯಾವ ಪ್ರೋಗ್ರಾಂ ಹೊರಗೆ ಮಾಹಿತಿ ಕಳಿಸುತ್ತಿದೆ ಎಂದು ನೋಡಿ ತಡೆಯುವುದು ವಿಂಡೋಸ್‌ನಲ್ಲಿ ಸಾಧ್ಯವಿದ್ದರೂ ಸುಲಭವಲ್ಲ. ಟೈನಿವಾಲ್ ಪುಟ್ಟದು, ಪದೇ ಪದೇ ಪ್ರಶ್ನೆ ಕೇಳಿ ಪೀಡಿಸುವುದಿಲ್ಲ. ನೀವು ಒಪ್ಪಿದ ಪ್ರೋಗ್ರಾಂಗಳನ್ನು ಮಾತ್ರ ಬಿಡುತ್ತದೆ. ಸಿಂಪಲ್‌ವಾಲ್ ಮುಕ್ತ ತಂತ್ರಾಂಶ, ಕಲಿಯುವ ಆಸಕ್ತಿ ಇರುವವರಿಗೆ ಹೇಳಿ ಮಾಡಿಸಿದ್ದು. ಆದರೆ ಅನುಮತಿ ಕೊಡುವವರೆಗೆ ಬ್ರೌಸರ್ ಕೂಡ ನಿಲ್ಲುತ್ತದೆ, ತಾಳ್ಮೆ ಬೇಕು. ಗ್ಲಾಸ್‌ವೈರ್ ಯಾವ ಪ್ರೋಗ್ರಾಂ ಎಷ್ಟು ಡೇಟಾ ತಿನ್ನುತ್ತಿದೆ ಎಂಬುದನ್ನು ನಕ್ಷೆಯಲ್ಲಿ ತೋರಿಸುತ್ತದೆ. ಉಚಿತ ಆವೃತ್ತಿಗೆ ಮಿತಿಗಳಿವೆ. ಜೋನ್‌ಅಲಾರ್ಮ್, ಕೊಮೊಡೊ ಹಳೆಯ ಹೆಸರುಗಳು. ಸಣ್ಣ ರ್‍ಯಾಮ್‌ನ ಲ್ಯಾಪ್‌ಟಾಪ್‌ಗೆ ಇಂಥ ದೊಡ್ಡ ಪ್ಯಾಕೇಜ್‌ಗಳು ಭಾರವಾಗಬಹುದು.

ಯಾವುದನ್ನೇ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ತಯಾರಿಸಿದವರ ಸ್ವಂತ ತಾಣದಿಂದಲೇ ಇಳಿಸುತ್ತಿದ್ದೇನೆಯೇ? ಇತ್ತೀಚೆಗೆ ಅಪ್‌ಡೇಟ್ ಬಂದಿದೆಯೇ? ಅದು ಕೇಳುವ ಪ್ರಶ್ನೆ ನನಗೆ ಅರ್ಥವಾಗುತ್ತದೆಯೇ? ದುಡ್ಡು ಕೇಳದೆ ಅವರು ಹೊಟ್ಟೆ ಹೊರೆಯುವುದು ಹೇಗೆ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಉಚಿತ ಆ್ಯಂಟಿವೈರಸ್‌ಗೆ ಹೆಸರಾದ ಅವಾಸ್ಟ್, ಬಳಕೆದಾರರು ನೋಡಿದ ತಾಣಗಳ ಮಾಹಿತಿಯನ್ನು ತನ್ನ ಅಂಗಸಂಸ್ಥೆ ಜಂಪ್‌ಶಾಟ್ ಮೂಲಕ ಮಾರಿದ್ದು ಬಯಲಾಗಿ, 2020ರಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಬೇಕಾಯಿತು. 2024ರ ಫೆಬ್ರುವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸುವ ಕ್ರಮ ಪ್ರಕಟಿಸಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಉಚಿತ ಎಂಬುದು ಬೆಲೆಯ ಮಾತು. ಮುಕ್ತ ಎಂದರೆ ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಎರಡೂ ಒಂದೇ ಅಲ್ಲ.

ಒಂದು ಎಚ್ಚರಿಕೆಯನ್ನು ಕೆಲಸ ಹುಡುಕುತ್ತಿರುವ ಗೆಳೆಯರಿಗೆ ವಿಶೇಷವಾಗಿ ಹೇಳಬೇಕು. 'ನೀವು ಆಯ್ಕೆಯಾಗಿದ್ದೀರಿ, ದಾಖಲೆ ಪರಿಶೀಲನೆಗೆ ಈ ಆ್ಯಪ್ ಹಾಕಿಕೊಳ್ಳಿ' ಎಂದು ಯಾರೋ ಎಚ್‌ಆರ್ ಹೆಸರಲ್ಲಿ ಕರೆ ಮಾಡಿ, ನಿಮ್ಮ ಪರದೆಯನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸಿದರೆ ಯಾವ ಫೈರ್‌ವಾಲೂ ಕಾಪಾಡುವುದು ಕಷ್ಟ. ಏಕೆಂದರೆ ಬಾಗಿಲು ತೆರೆದವರು ನೀವೇ, ಸಂಪರ್ಕ ಹೋಗುವುದು ಒಳಗಿನಿಂದ ಹೊರಗೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಲು 'ಮೊದಲು ಫೈರ್‌ವಾಲ್, ಆ್ಯಂಟಿವೈರಸ್ ಆಫ್ ಮಾಡಿ' ಎಂದು ಹೇಳುವವರದೂ ಇದೇ ಕತೆ. ಕಳ್ಳನೇ ಬಂದು ನಾಯಿಯನ್ನು ಕಟ್ಟಿಹಾಕಿ ಎಂದಂತೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಕಂಪ್ಯೂಟರ್‌ಗೆ ಸೋಂಕು ತಗುಲಿದೆ ಅನಿಸಿದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಉಚಿತ ಶುಚಿಗೊಳಿಸುವ ಸಾಧನಗಳು ಸಿಗುತ್ತವೆ.

ಕೊನೆಗೆ ನಮ್ಮ ಕಾಲೇಜುಗಳಿಗೂ ಒಂದು ಮನವಿ. ಲ್ಯಾಬ್‌ನಲ್ಲಿ ಏನೇ ಕನೆಕ್ಟ್ ಆಗದಿದ್ದರೂ 'ಫೈರ್‌ವಾಲ್ ಆಫ್ ಮಾಡಿ ನೋಡಿ' ಎಂಬುದೇ ಮೊದಲ ಮದ್ದು. ಬೀಗ ಗಟ್ಟಿಯಾಗಿದೆ ಎಂದು ಯಾರೂ ಬಾಗಿಲನ್ನೇ ಕಿತ್ತು ಇಡುವುದಿಲ್ಲ. ಆ ಒಂದು ಪ್ರೋಗ್ರಾಂಗೆ, ಆ ಒಂದು ಪೋರ್ಟ್‌ಗೆ ಮಾತ್ರ ಅನುಮತಿ ಕೊಡುವುದು ಎರಡು ನಿಮಿಷದ ಕೆಲಸ. ಪರೀಕ್ಷೆಯಲ್ಲಿ ಫೈರ್‌ವಾಲ್ ಬಗ್ಗೆ ಹತ್ತು ಅಂಕಕ್ಕೆ ಬರೆಯುವ ನಾವು ಅದನ್ನು ನಮ್ಮ ಯಂತ್ರದಲ್ಲಿ ಆಫ್ ಮಾಡಿಟ್ಟರೆ ಕಲಿತದ್ದೇನು?

ಈಗ ನಮ್ಮ ಹಾಸ್ಟೆಲ್‌ಗೆ ಹೊಸದಾಗಿ ಬಂದ ಹುಡುಗರು ಆಟಕ್ಕೆ ಕುಳಿತು 'ಕನೆಕ್ಟ್ ಆಗ್ತಿಲ್ಲ ಅಣ್ಣಾ' ಎಂದು ಬಂದರೆ, ನಾನು ಪಕ್ಕ ಕುಳಿತು ಆ ಆಟಕ್ಕಷ್ಟೇ ಅನುಮತಿ ಕೊಡಿಸುತ್ತೇನೆ. ಆಟ ಮುಗಿದ ಮೇಲೆ ಅದನ್ನು ತೆಗೆಯಲು ಹೇಳುತ್ತೇನೆ. ಈ ಪುಟ ಓದಿ ಮುಗಿಸಿದವರು ಇವತ್ತೇ ಒಮ್ಮೆ ತಮ್ಮ ಕಂಪ್ಯೂಟರ್ ತೆರೆದು ಮೂರೂ ಆನ್ ಇವೆಯೇ ನೋಡಿ. ಹಾಗೆಯೇ ಮನೆಯವರ ಕಂಪ್ಯೂಟರನ್ನೂ ನೋಡಿ. ಅದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.